ಕವಲೇದುರ್ಗದ ಒಲೆ

ಅಣ್ಣ ಫೋನು ಮಾಡಿದಾಗ ನಾನು ಹಪ್ಪಳದ ಹಿಟ್ಟು ನಾದುತ್ತಿದ್ದೆ. "ಮನೆ ಬಿಚ್ಚೋದು ಅಂತ ಆಯ್ತು. ಮಾರ್ಚಿಗೆ ಶುರು. ನಿಂದೊಂದು ಸೈನು ಬೇಕು, ಒಂದು ಭಾನುವಾರ ಬಂದು ಹೋಗು" ಎಂದ. ಗಂಡಸರು ಇಂಥ ಮಾತನ್ನು ಅಡಿಕೆ ರೇಟು ಹೇಳಿದಷ್ಟೇ ಸಲೀಸಾಗಿ ಹೇಳಿಬಿಡುತ್ತಾರೆ. ನಾನು "ಹೂಂ" ಎಂದು ಫೋನಿಟ್ಟು ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಆ ದಿನದ ಹಪ್ಪಳ ಒಂದೂ ಸರಿಯಾಗಿ ಬರಲಿಲ್ಲ.

ನಮ್ಮ ತೌರು ಕೊಪ್ಪದಿಂದ ಒಳಗೆ, ಗದ್ದೆ ತೋಟಗಳ ನಡುವಿನ ಒಂದು ಚೌಕಿ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಹಲಸಿನ ಕಂಬಗಳು, ಮೇಲೆ ಉಪ್ಪರಿಗೆ. ಮಲೆನಾಡಿನಲ್ಲಿ ಇಂಥ ಮನೆಯನ್ನು ಕೆಡವುತ್ತೇವೆ ಎನ್ನುವುದಿಲ್ಲ, ಬಿಚ್ಚುತ್ತೇವೆ ಎನ್ನುತ್ತಾರೆ. ಮರವನ್ನೆಲ್ಲ ಜೋಪಾನವಾಗಿ ಕಳಚುತ್ತಾರೆ. ಹಳೆಯ ಕಂಬ, ತೊಲೆ, ಬಾಗಿಲುಗಳಿಗೆ ಈಗ ಒಳ್ಳೆಯ ಬೆಲೆ. ನಾನು ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಕೂರುತ್ತಿದ್ದ ಕಂಬ ಯಾವುದೋ ರೆಸಾರ್ಟಿನ ಊಟದ ಹಾಲಿನಲ್ಲಿ ನಿಲ್ಲುತ್ತದೆ ಎಂದು ನೆನೆದರೆ ಹೊಟ್ಟೆಯೊಳಗೆ ಏನೋ ಕಲಸಿದಂತಾಗುತ್ತಿತ್ತು.

ಭಾನುವಾರದ ಬದಲು ಶುಕ್ರವಾರವೇ ಎನ್.ಆರ್.ಪುರದಿಂದ ಬಸ್ಸು ಹತ್ತಿದೆ. ಎರಡು ದಿನ ಇದ್ದು ಅಣ್ಣನ ಮನಸ್ಸು ತಿರುಗಿಸಬೇಕು, ಅತ್ತಿಗೆಯನ್ನು ನನ್ನ ಕಡೆ ಮಾಡಿಕೊಳ್ಳಬೇಕು ಎಂಬುದು ನನ್ನ ಹುನ್ನಾರ. ಅತ್ತಿಗೆ ಆ ಮನೆಗೆ ಬಂದು ಮೂವತ್ತೆರಡು ವರ್ಷ. ನನಗಿಂತ ಹೆಚ್ಚು ಕಾಲ ಅಲ್ಲಿ ಬಾಳಿದವರು. ಅವರಿಗೆ ದುಃಖವಾಗದೆ ಇರುತ್ತದೆಯೇ?

ಅಣ್ಣನ ಮಗಳು ರಜೆಗೆಂದು ಬೆಂಗಳೂರಿನಿಂದ ಬಂದಿದ್ದಳು. ಶನಿವಾರ ಕವಲೇದುರ್ಗ ನೋಡಲು ಹೊರಟಿದ್ದಳು. "ಅತ್ತೆ, ನೀವೂ ಬನ್ನಿ. ಅಮ್ಮ ಇಷ್ಟು ಹತ್ತಿರ ಇದ್ದೂ ಒಂದು ಸಲವೂ ನೋಡಿಲ್ಲ" ಎಂದಳು. ಅತ್ತಿಗೆ ಮೊದಲು "ಗುಡ್ಡ ಹತ್ತೋಕೆ ನನ್ನ ಮಂಡಿ ಎಲ್ಲಿದೆ" ಎಂದರು. ಆಮೇಲೆ ಏನನ್ನಿಸಿತೋ, ಬೆಳಿಗ್ಗೆ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದರು.

ಕೊಪ್ಪದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಕುಪ್ಪಳಿ ಸಿಗುತ್ತದೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತೌರಿನಲ್ಲಿ, 1904ರ ಡಿಸೆಂಬರಿನಲ್ಲಿ. ಬೆಳೆದದ್ದು ಕುಪ್ಪಳಿಯ ಚೌಕಿ ಮನೆಯಲ್ಲಿ. ಆ ಮನೆ ಈಗ 'ಕವಿಮನೆ'. ಹಳೆಯ ಕಾಲದ ಪಾತ್ರೆ ಪಡಗಗಳೂ ಅಲ್ಲಿ ನೋಡಲು ಸಿಗುತ್ತವೆ. ಕಾರು ಅದನ್ನು ದಾಟುವಾಗ ನಾನು ಅತ್ತಿಗೆಗೆ ಕೇಳುವಂತೆ, "ನೋಡಿ, ಮನಸ್ಸು ಮಾಡಿದರೆ ಮನೆ ಉಳಿಸಬಹುದು" ಎಂದೆ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಾ, "ಅವರ ಮನೇಲಿ ಕವಿ ಇದ್ದರಲ್ಲೇ. ನಮ್ಮನೇಲಿ ಯಾರಿದ್ದಾರೆ?" ಎಂದರು. ನನ್ನ ಬಾಯಿ ಮುಚ್ಚಿತು.

ತೀರ್ಥಹಳ್ಳಿಯಲ್ಲಿ ತುಂಗೆಯನ್ನು ದಾಟಿ ಇನ್ನೂ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಕವಲೇದುರ್ಗದ ಬುಡ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಇಡೀ ತಾಲೂಕಿನ ಹೆಸರೇ ಕವಲೇದುರ್ಗ. ತೀರ್ಥಹಳ್ಳಿ ತಾಲೂಕು ಎಂಬುದು ಆಮೇಲೆ ಬಂದ ಹೆಸರು. ಅಷ್ಟು ದೊಡ್ಡ ಹೆಸರಿನ ಊರು ಈಗ ಕೆಲವು ಹೆಂಚಿನ ಮನೆ, ಗದ್ದೆ, ಒಂದು ಮಠ ಇರುವ ಸಣ್ಣ ಹಳ್ಳಿ. ಗದ್ದೆಯ ಅಂಚಿನಲ್ಲಿ ನಡೆದೇ ಕೋಟೆಗೆ ಹೋಗಬೇಕು. ರಾಜಧಾನಿಗೆ ಗದ್ದೆ ಬದುವಿನ ದಾರಿ!

ರಾಜಧಾನಿ ಎಂದೆನಲ್ಲ, ಆ ಕತೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಶಾಲೆಯ ಪುಸ್ತಕದಲ್ಲಿ ಕೆಳದಿ ನಾಯಕರಿಗೆ ಒಂದೋ ಎರಡೋ ಪುಟ ಮೀಸಲಿತ್ತು. ಆದರೆ ನಾವು ಕೊಪ್ಪ, ಶೃಂಗೇರಿ, ಎನ್.ಆರ್.ಪುರದವರು ಎಷ್ಟೋ ತಲೆಮಾರು ಕಂದಾಯ ಕಟ್ಟಿದ್ದು ಅವರಿಗೆ. 1500ರ ಸುಮಾರಿಗೆ ಸಾಗರದ ಹತ್ತಿರದ ಕೆಳದಿಯಲ್ಲಿ ಚೌಡಪ್ಪನಾಯಕನಿಂದ ಮೊದಲಾದ ಮನೆತನ ಅದು. ವಿಜಯನಗರದ ಕೈಕೆಳಗಿದ್ದು, ವಿಜಯನಗರ ಕುಸಿದ ಮೇಲೆ ಸ್ವತಂತ್ರವಾಗಿ, 1763ರವರೆಗೆ ಮಲೆನಾಡನ್ನೂ ಕರಾವಳಿಯ ದೊಡ್ಡ ಭಾಗವನ್ನೂ ಆಳಿತು. ಕೆಳದಿ, ಇಕ್ಕೇರಿ, ಬಿದನೂರು ಹೀಗೆ ರಾಜಧಾನಿ ಬದಲಾಯಿಸುತ್ತ ಹೋದರು. ಆಪತ್ತಿನ ಕಾಲಕ್ಕೆಂದು ಗಟ್ಟಿಮಾಡಿಟ್ಟುಕೊಂಡ ನಾಲ್ಕನೆಯ ನೆಲೆಯೇ ಕವಲೇದುರ್ಗ. ಆಗ ಅದಕ್ಕೆ ಭುವನಗಿರಿ ಎಂದು ಹೆಸರು. ಅದನ್ನು ಬಲಪಡಿಸಿ ಕಟ್ಟಿಸಿದ್ದು ಹದಿನಾರನೆಯ ಶತಮಾನದ ಕೊನೆಯಿಂದ 1629ರವರೆಗೆ ಆಳಿದ ವೆಂಕಟಪ್ಪನಾಯಕ. ಬೆಟ್ಟದ ಬುಡದ ಮಹತ್ತಿನ ಮಠವೂ ಅವನ ಕಾಲದ್ದೇ.

ಇಷ್ಟು ಖರ್ಚಿಗೆ ದುಡ್ಡು ಎಲ್ಲಿಂದ ಬಂತು ಎಂದರೆ ನಮ್ಮ ಹಿತ್ತಿಲಿನಿಂದಲೇ. ಕಾಳುಮೆಣಸು, ಅಕ್ಕಿ, ಅಡಿಕೆ. ಘಟ್ಟ ಇಳಿದು ಬಂದರಿಗೆ ಹೋದ ಮೆಣಸಿಗಾಗಿ ಪೋರ್ಚುಗೀಸರು, ಆಮೇಲೆ ಡಚ್ಚರು ಕಾದು ಕೂರುತ್ತಿದ್ದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ 'ಶಿಸ್ತು' ಎಂಬ ಕಂದಾಯದ ಲೆಕ್ಕ ಈಗಲೂ ಹೆಸರುವಾಸಿ. ಬೇರೆ ಬೇರೆ ಬಗೆಯ ನೆಲದಲ್ಲಿ ಹನ್ನೆರಡು ವರ್ಷ ಬೆಳೆ ತೆಗೆಸಿ, ಹುಟ್ಟುವಳಿ ನೋಡಿ, ಅದರಲ್ಲಿ ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದ ಎಂದು ಹೇಳುತ್ತಾರೆ. ಅಂದರೆ ಈ ಕೋಟೆಯ ಕಲ್ಲಿನಲ್ಲಿ ನಮ್ಮ ಅಜ್ಜಿಯ ಅಜ್ಜಿಯರು ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನೆಟ್ಟ ಸಸಿಯ ಪಾಲೂ ಇದೆ. ಹಾಗೆಂದು ಯಾವ ಶಾಸನದಲ್ಲೂ ಬರೆದಿರಲಾರದು, ಅಷ್ಟೆ.

ಬೆಟ್ಟ ಹತ್ತುವ ದಾರಿಗೆ ಕಲ್ಲು ಹಾಸಿದೆ. ಸುತ್ತಿನೊಳಗೆ ಸುತ್ತಾಗಿ ಕೋಟೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂರಿಸಿದ ಗೋಡೆಗಳನ್ನು ಪಾಚಿ, ಜರಿಗಿಡ ಮುಚ್ಚಿವೆ. ಒಂದೊಂದು ಸುತ್ತಿಗೂ ಒಂದು ಹೆಬ್ಬಾಗಿಲು, ಪಕ್ಕದಲ್ಲಿ ಕಾವಲಿನವರ ಕೋಣೆ. ದಾರಿ ನೇರವಾಗಿ ಹೋಗದೆ ತಿರುಗಿ ತಿರುಗಿ ಹೋಗುತ್ತದೆ. ಶತ್ರು ಓಡಿ ಬರಲಾಗದಂತೆ. ಅತ್ತಿಗೆ ಪ್ರತಿ ಬಾಗಿಲಲ್ಲೂ ಕೂತು ಉಸಿರು ತೆಗೆದುಕೊಂಡರು. "ಶತ್ರುಗಳ ಕಷ್ಟ ನನಗೆ ಗೊತ್ತಾಯ್ತು" ಎಂದರು. ನಮ್ಮ ಹುಡುಗಿ ನಕ್ಕು ಫೋಟೋ ತೆಗೆದಳು.

ಮೇಲೆ ಬಯಲಿನಲ್ಲಿ ಕಾಶಿ ವಿಶ್ವನಾಥನ ದೇವಸ್ಥಾನ, ಎದುರಿಗೆ ಎತ್ತರದ ಕಂಬಗಳು. ಇನ್ನೂ ಮೇಲೆ ಬಂಡೆಯ ತುದಿಯಲ್ಲಿ ಶಿಖರೇಶ್ವರನ ಪುಟ್ಟ ಗುಡಿ. ಅಲ್ಲಿ ನಿಂತರೆ ಪಶ್ಚಿಮಕ್ಕೆ ಘಟ್ಟದ ಸಾಲು, ನಡುವೆ ಹಿನ್ನೀರಿನ ಹೊಳಪು. ಬಂದವರೆಲ್ಲ ಅಲ್ಲಿಗೇ ಓಡುತ್ತಾರೆ, ಸೂರ್ಯ ಮುಳುಗುವುದನ್ನು ನೋಡಲು. ನಾವು ಅಲ್ಲಿಗೆ ಹೋಗಲಿಲ್ಲ. ಅತ್ತಿಗೆಯ ಮಂಡಿ ನಮ್ಮನ್ನು ದೇವಸ್ಥಾನದಿಂದ ಆಚೆ ಇರುವ ಅರಮನೆಯ ನಿವೇಶನದಲ್ಲೇ ನಿಲ್ಲಿಸಿತು. ಹಾಗೆ ನಿಂತದ್ದೇ ಒಳ್ಳೆಯದಾಯಿತು.

ಅರಮನೆ ಎಂದರೆ ಮೈಸೂರಿನದ್ದನ್ನು ನೆನೆಯಬೇಡಿ. ಇಲ್ಲಿರುವುದು ತಳಪಾಯ ಮಾತ್ರ. ಮೇಲಿನ ಮರ, ಮಣ್ಣು, ಹೆಂಚು ಎಲ್ಲ ಹೋಗಿ, ಮಣ್ಣು ಮುಚ್ಚಿಕೊಂಡಿದ್ದ ಕಲ್ಲಿನ ಜಗಲಿಗಳನ್ನು ಪುರಾತತ್ವ ಇಲಾಖೆಯವರು ಬಿಡಿಸಿಟ್ಟಿದ್ದಾರೆ. ಮೊದಲು ನೋಡಿದಾಗ ಏನೂ ಅರ್ಥವಾಗುವುದಿಲ್ಲ. ಮೆಟ್ಟಿಲು ಹತ್ತಿ ಒಳಗೆ ನಿಂತು ಒಂದು ನಿಮಿಷ ಸುತ್ತ ನೋಡಿದರೆ ಮಾತ್ರ, ನಿಧಾನವಾಗಿ ಒಂದು ಮನೆ ಕಣ್ಣಿಗೆ ಕಟ್ಟುತ್ತದೆ. ಮೊದಲು ಗುರುತಿಸಿದವಳು ನಮ್ಮ ಹುಡುಗಿಯೇ. "ಅತ್ತೆ, ಇದು ನಮ್ಮ ಮನೆ ಥರಾನೇ ಇದೆಯಲ್ಲ!"

ಹೌದು. ನಡುವೆ ತಗ್ಗಿನ ಅಂಗಳ, ಸುತ್ತ ಎತ್ತರದ ಜಗಲಿ, ಮರದ ಕಂಬ ನಿಲ್ಲಿಸುತ್ತಿದ್ದ ಕಲ್ಲಿನ ಪೀಠಗಳು, ಹಿಂದೆ ಸಾಲಾಗಿ ಕೋಣೆಗಳು. ನಮ್ಮದರ ಎಷ್ಟೋ ಪಟ್ಟು ದೊಡ್ಡದು. ಆದರೆ ಅದೇ ಚೌಕಿ, ಅದೇ ಲೆಕ್ಕಾಚಾರ. ಮಳೆ ನಾಡಿನಲ್ಲಿ ರಾಜನಾದರೂ ಅಡಿಕೆ ಬೆಳೆಯುವವನಾದರೂ ಬಿಸಿಲನ್ನೂ ನೀರನ್ನೂ ಮನೆಯೊಳಗೇ ಬರಮಾಡಿಕೊಂಡು ಬದುಕಬೇಕು. ಮಳೆ ಹೊಡೆದಾಗ ನಾಲ್ಕು ಸೂರಿನ ನೀರೂ ಅಂಗಳಕ್ಕೆ ಬೀಳಬೇಕು, ಅಲ್ಲಿಂದ ಹೊರಗೆ ಹರಿಯಬೇಕು. ಅದಕ್ಕೆ ಕಲ್ಲಿನ ಕಾಲುವೆ. ಒಂದು ಕಡೆ ಸ್ನಾನದ ಜಾಗ, ಅದರ ಹತ್ತಿರ ಮೆಟ್ಟಿಲುಗಳ ಪುಟ್ಟ ಕೊಳ. ಮೂರು ಸಾವಿರ ಅಡಿಯ ಬೆಟ್ಟದ ಮೇಲೆ ಬೇಸಿಗೆಗೂ ನೀರು ನಿಲ್ಲಿಸಿಕೊಂಡವರ ಜಾಣತನ ಕತ್ತಿ ಹಿಡಿದವರ ಜಾಣತನಕ್ಕಿಂತ ಕಡಿಮೆಯದ್ದೇನೂ ಅಲ್ಲ.

ಆಮೇಲೆ ಒಲೆ. ಒಂದು ಕೋಣೆಯಲ್ಲಿ ಐದು ಪಾತ್ರೆ ಒಟ್ಟಿಗೆ ಇಡಬಹುದಾದ ಕಲ್ಲಿನ ಒಲೆ. ನಿನ್ನೆ ಸಂಜೆ ಯಾರೋ ಬೂದಿ ಬಾಚಿ ಸಾರಿಸಿ ಹೋದಂತಿದೆ. ಸಿಂಹಾಸನ ಎಲ್ಲಿತ್ತು ಎಂದು ಕೇಳಿದರೆ ಇಲ್ಲಿ ಯಾರೂ ಬೆರಳು ತೋರಿಸಲಾರರು. ಆದರೆ ಅನ್ನ ಎಲ್ಲಿ ಬೇಯುತ್ತಿತ್ತು ಎಂದು ಚಿಕ್ಕ ಮಗುವೂ ಹೇಳಬಲ್ಲದು. ಮರ ಸುಟ್ಟಿತು, ಬಟ್ಟೆ ಕೊಳೆಯಿತು, ಬೆಳ್ಳಿ ಬಂಗಾರ ಲೂಟಿಯಾಯಿತು. ಯಾರಿಗೂ ಬೇಡವಾದ ಒಲೆ ಉಳಿಯಿತು.

ನನಗೆ ಗಂಟಲು ಕಟ್ಟಿತು. ಇದೇ ಸಮಯ, ಮನೆಯ ಮಾತು ತೆಗೆಯೋಣ ಎಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಬೇಸಾಯಗಾರ ಬೇರೆಯವರ ಗದ್ದೆಗೆ ಹೋದರೆ ಮೊದಲು ಮಣ್ಣು ಮುಟ್ಟಿ ನೋಡುತ್ತಾನಲ್ಲ, ಹಾಗೆ. ಸೌದೆ ಒಡ್ಡುವ ಕಡೆ ನೋಡಿದರು, ಅಂಚಿನ ಮೇಲೆ ಕೈಯಾಡಿಸಿದರು, ತಲೆಯೆತ್ತಿ ಖಾಲಿ ಆಕಾಶ ನೋಡಿದರು. ಆಮೇಲೆ ಕೇಳಿದರು:

"ಹೊಗೆ ಎಲ್ಲಿಗೆ ಹೋಗ್ತಿತ್ತೇ ಮಾರಾಯ್ತಿ?"

ನಾನು ಕೆಳದಿಯ ಇತಿಹಾಸ ಓದಿಕೊಂಡು ಬಂದಿದ್ದೆ. ದೊರೆಗಳ ಪಟ್ಟಿ ಗೊತ್ತಿತ್ತು. ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

"ಐದು ಒಲೆ ಉರಿ ಹಾಕಿದರೆ, ಮಳೆಗಾಲದ ಹಸಿ ಸೌದೆ ಬೇರೆ, ಒಳಗೆ ನಿಂತವರ ಗತಿ ಏನು? ಮೇಲೆ ಹೆಂಚಿನ ಸಂದಿಯಿಂದ ಹೋದಷ್ಟು ಹೋಯ್ತು, ಉಳಿದದ್ದು ಕಣ್ಣಿಗೆ. ನೋಡೋರಿಗೆ ಒಲೆ ಚೆಂದ. ಊದಿದವಳಿಗೆ ಗೊತ್ತು."

ನಮ್ಮ ಮನೆಯ ಅಡುಗೆಮನೆ ನನ್ನ ಕಣ್ಣ ಮುಂದೆ ಬಂತು. ಹಗಲಿನಲ್ಲೂ ದೀಪ ಬೇಕಾಗುವಷ್ಟು ಕತ್ತಲು. ಕಿಟಕಿ ಇಲ್ಲ, ಗೋಡೆಯಲ್ಲಿ ಒಂದು ಗವಾಕ್ಷಿ. ಹೊಗೆಯಿಂದ ಅಟ್ಟದ ಮರಕ್ಕೆ ಹುಳ ಹಿಡಿಯುವುದಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಮರ ಉಳಿಯಿತು ನಿಜ. ಅಮ್ಮನ ಕಣ್ಣು, ಅವಳ ಕೆಮ್ಮು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ, ಹೊಗೆ ಕೊಳವೆಯ ಒಲೆ, ಎಂಬತ್ತರ ದಶಕದಿಂದ ಹಳ್ಳಿಗಳಿಗೆ ಬಂತು. ನಮ್ಮ ಮನೆಗೂ ಒಂದು ಬರಲಿ ಎಂದು ಅತ್ತಿಗೆ ಮದುವೆಯಾದ ಹೊಸತರಲ್ಲೇ ಕೇಳಿದ್ದರಂತೆ. "ಮಾಡು ಕೊರೆದರೆ ಮಳೆ ಸೋರುತ್ತೆ" ಎಂದು ಹಾಕಿಸಲಿಲ್ಲವಂತೆ. ಗ್ಯಾಸು ಬಂದದ್ದು ಎಷ್ಟೋ ವರ್ಷದ ಮೇಲೆ. ಈ ಸಂಗತಿ ನನಗೆ ಅವತ್ತೇ ತಿಳಿದದ್ದು. ನಾನು ಆಗಲೇ ಮದುವೆಯಾಗಿ ಹೋಗಿದ್ದೆ; ಹಬ್ಬಕ್ಕೆ ಬಂದು ಅದೇ ಒಲೆಯ ಮೇಲೆ ಬೆಂದ ಕಡುಬು ತಿಂದು, "ಸೌದೆ ಒಲೆಯ ರುಚಿಯೇ ಬೇರೆ" ಎಂದು ಹೊಗಳಿ ಹೋಗುತ್ತಿದ್ದವಳು.

ಕೊಳದ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ಬಿಚ್ಚಿದೆವು. "ಇಲ್ಲಿ ರಾಣಿಯರು ಇದ್ದರಾ?" ಎಂದು ಹುಡುಗಿ ಕೇಳಿದಳು. ಆಗ ನನಗೆ ಗೊತ್ತಿದ್ದ ಮೂರು ಕತೆ ಹೇಳಿದೆ. ನಿಮಗೂ ಹೇಳುತ್ತೇನೆ.

ಮೊದಲನೆಯದು ವೆಂಕಟಪ್ಪನಾಯಕನ ಹೆಂಡತಿ ಭದ್ರಮ್ಮನದು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ. ಕಂಡದ್ದು ಕೇಳಿದ್ದನ್ನೆಲ್ಲ ಕಾಗದಗಳಲ್ಲಿ ಬರೆದ. ರಾಜ ಬೇರೊಬ್ಬ ಹೆಂಗಸನ್ನು ಅರಮನೆಗೆ ಸಮೀಪದ ಒಂದು ಕೋಟೆಯಲ್ಲಿ ಗುಟ್ಟಾಗಿ ಇರಿಸಿಕೊಂಡಿದ್ದನಂತೆ. ಹೆಂಡತಿಗೆ ತಿಳಿಯಿತು. ಅವಳು ಅಳಲಿಲ್ಲ, ತೌರಿಗೆ ಹೋಗಲಿಲ್ಲ. ಇನ್ನು ಮೇಲೆ ನಾನು ನಿನಗೆ ಹೆಂಡತಿಯಲ್ಲ, ಮಗಳು ಎಂದು ಆಣೆ ಮಾಡಿದಳಂತೆ. ಅದೇ ಅರಮನೆಯಲ್ಲಿ ಇದ್ದಳು, ಮರ್ಯಾದೆಯಿಂದ ಇದ್ದಳು, ಆಣೆ ಮಾತ್ರ ಮುರಿಯಲಿಲ್ಲ. ಕೋಟೆಯಲ್ಲಿದ್ದ ಆ ಇನ್ನೊಬ್ಬಳ ಮನಸ್ಸಿನ ಮಾತು ನಮಗೆ ಸಿಕ್ಕಿಲ್ಲ. ಎಷ್ಟು ಸುತ್ತಿನ ಗೋಡೆ ಕಟ್ಟಿಸಿದರೂ ಮನೆಯೊಳಗಿನ ಈ ಒಂದು ಮಾತನ್ನು ತಡೆಯಲು ಆ ದೊರೆಗೆ ಆಗಲಿಲ್ಲ ನೋಡಿ.

ಎರಡನೆಯವಳು ಚೆನ್ನಮ್ಮಾಜಿ. ನೀವೆಲ್ಲ ಕೇಳಿದ ಹೆಸರು. ಕಿತ್ತೂರಿನ ಚೆನ್ನಮ್ಮನಲ್ಲ, ಅವಳಿಗಿಂತ ನೂರೈವತ್ತು ವರ್ಷ ಹಿಂದಿನ ಕೆಳದಿಯ ಚೆನ್ನಮ್ಮ. ರಾಜಮನೆತನದವಳಲ್ಲ, ವ್ಯಾಪಾರಿಯ ಮಗಳು. ಗಂಡ ಸೋಮಶೇಖರನಾಯಕ ನರ್ತಕಿಯೊಬ್ಬಳ ಮೋಹದಲ್ಲಿ ಸಿಕ್ಕಿ, ಆರೋಗ್ಯ ಕಳೆದುಕೊಂಡು, ಕೊನೆಗೆ ಕೊಲೆಯಾದ. ಮಕ್ಕಳಿಲ್ಲ. ಬಿಜಾಪುರದ ಸೈನ್ಯ ಬಿದನೂರಿನ ಮೇಲೆ ಬಂತು. ಆಗ ಅವಳು ಭಂಡಾರವನ್ನು ಸಾಗಿಸಿಕೊಂಡು ಬಂದು ನಿಂತದ್ದು ಈ ಭುವನಗಿರಿಯಲ್ಲಿ ಎಂದು ಕೆಳದಿಯ ಚರಿತ್ರೆ ಹೇಳುತ್ತದೆ. ಖಾಲಿ ಅರಮನೆ ಶತ್ರುವಿಗೆ ಸಿಕ್ಕಿತು, ರಾಜ್ಯ ಸಿಗಲಿಲ್ಲ. 1671-72ರ ಹೊತ್ತಿಗೆ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆಳಿದಳು. ಬಸವಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಳು. 1689ರಲ್ಲಿ ಔರಂಗಜೇಬನಿಗೆ ಹೆದರಿ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಜಿಂಜಿಗೆ ಕ್ಷೇಮವಾಗಿ ದಾಟಿಸಿ, ಬೆನ್ನಟ್ಟಿ ಬಂದ ಮೊಗಲರನ್ನು ಎದುರಿಸಿದಳು. ಮನೆ ಬಾಗಿಲಿಗೆ ಬಂದವನನ್ನು ಬಿಟ್ಟುಕೊಡಬಾರದು ಎಂಬುದು ಮಲೆನಾಡಿನ ಹೆಂಗಸರಿಗೆ ಹೊಸ ಪಾಠವಲ್ಲ. ಆದರೆ ಬಂದವನ ಹಿಂದೆ ದಿಲ್ಲಿಯ ಬಾದಶಹನ ಸೈನ್ಯ ಇದ್ದಾಗ ಆ ಪಾಠ ನೆನಪಿರುವುದು ಕಷ್ಟ.

ಮೂರನೆಯವಳು ವೀರಮ್ಮಾಜಿ. ಅವಳೂ ವಿಧವೆ, ಅವಳದ್ದೂ ದತ್ತು ಮಗನ ಹೆಸರಿನ ಆಳ್ವಿಕೆ. 1757ರಿಂದ ಆರು ವರ್ಷ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ರಾಣಿ ಮಗನೊಂದಿಗೆ ಓಡಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗಕ್ಕೆ. ಅಲ್ಲಿ ಸಿಕ್ಕಿಬಿದ್ದಳು. ಮಧುಗಿರಿಯ ಕೋಟೆಯಲ್ಲಿ ಸೆರೆ. ನಾಲ್ಕು ವರ್ಷದ ಮೇಲೆ, 1767ರಲ್ಲಿ, ಮರಾಠರು ಬಿಡಿಸಿ ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡಳು. ಅಲ್ಲಿಗೆ ಮನೆತನದ ಆಳ್ವಿಕೆ ಮುಗಿಯಿತು. ಗೆದ್ದವರ ಕಡೆಯ ಬರಹಗಳಲ್ಲಿ ಇವಳ ನಡತೆಯ ಮೇಲೆ ಬಗೆಬಗೆಯ ಆರೋಪ. ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಅದನ್ನೇ ಬರೆದ, ಅದೇ ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ಸೋತ ರಾಜನಿಗೆ ದುರದೃಷ್ಟವಂತ ಎನ್ನುತ್ತಾರೆ. ಸೋತ ರಾಣಿಗೆ ಏನೆನ್ನುತ್ತಾರೆಂದು ನಿಮಗೆ ಗೊತ್ತೇ ಇದೆ.

ಆಮೇಲೂ ಈ ಕಲ್ಲುಗಳಿಗೆ ನೆಮ್ಮದಿ ಇರಲಿಲ್ಲ. 1830ರಲ್ಲಿ ಕಂದಾಯದ ಕಾಟ ತಾಳಲಾರದೆ ನಗರದ ಸೀಮೆಯ ರೈತರು ದಂಗೆ ಎದ್ದರು. ಕೆಳದಿಯ ವಾರಸುದಾರ ನಾನು ಎಂದು ಬೂದಿ ಬಸವಪ್ಪ ಎಂಬವನು ಮುಂದೆ ನಿಂತ. ದಂಗೆ ಅಡಗಿತು, 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಲು ಅದೂ ಒಂದು ನೆಪವಾಯಿತು. ಮನೆತನ ಮುಗಿದು ಅರವತ್ತೇಳು ವರ್ಷವಾದರೂ ಅದರ ಹೆಸರು ಹೇಳಿದರೆ ಜನ ಸೇರುತ್ತಿದ್ದರು. ಆದರೆ ಅರಮನೆಗೆ ಯಾರೂ ಹಿಂತಿರುಗಲಿಲ್ಲ.

ಕತೆ ಮುಗಿಯುವಾಗ ಡಬ್ಬಿ ಖಾಲಿಯಾಗಿತ್ತು. ಅತ್ತಿಗೆ ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ತಳಪಾಯದ ಮೇಲೆ ನಿಧಾನವಾಗಿ ಒಂದು ಸುತ್ತು ಬಂದರು. "ಇದು ದೇವರ ಕೋಣೆ ಅಂತೀರಿ. ಇದು ಅಡುಗೆಮನೆ. ಇದು ಬಚ್ಚಲು. ಬಾಣಂತಿ ಕೋಣೆ ಯಾವುದು? ಚೆನ್ನಮ್ಮ ಎಲ್ಲಿ ಮಲಗ್ತಿದ್ದಳು? ಒಲೆ ಊದುವವರು ಎಲ್ಲಿ ಊಟ ಮಾಡ್ತಿದ್ದರು?" ಒಂದೊಂದು ಚೌಕದಲ್ಲೂ ನಿಂತು ಕೇಳಿದರು. ಕಲ್ಲು ಗೋಡೆ ಎಲ್ಲಿತ್ತೆಂದು ಹೇಳುತ್ತದೆ, ಯಾರು ಅಲ್ಲಿ ಕೂತಿದ್ದರೆಂದು ಹೇಳುವುದಿಲ್ಲ. ಹೇಳಬಲ್ಲವರು ಇದ್ದಾಗ ಯಾರೂ ಬರೆದುಕೊಳ್ಳಲಿಲ್ಲ.

ಇಳಿಯುವಾಗ ಕೊನೆಗೂ ನಾನು ಬಾಯಿ ಬಿಟ್ಟೆ. "ಅತ್ತಿಗೆ, ಮನೆ ಬಿಚ್ಚುವುದು ನಿಮಗೆ ಒಪ್ಪಿಗೆಯಾ?"

ಹೆಬ್ಬಾಗಿಲಿನ ಕಲ್ಲಿನ ಮೇಲೆ ಕೂತು ಅವರು ಹೇಳಿದ್ದು ಇಷ್ಟು. "ನಿನಗೆ ಅದು ತೌರುಮನೆ. ನನಗೆ ಕೆಲಸದ ಮನೆ. ನಾನೇ ನಿಮ್ಮಣ್ಣನಿಗೆ ಹೇಳಿದ್ದು, ನನಗೊಂದು ಕಿಟಕಿ ಇರೋ ಅಡುಗೆಮನೆ ಬೇಕು, ರಾತ್ರಿ ಬಚ್ಚಲಿಗೆ ಹೋಗಲು ಅಂಗಳ ಇಳಿಯದ ಹಾಗಿರಬೇಕು ಅಂತ. ಇನ್ನು ಎಷ್ಟು ವರ್ಷ ಇರ್ತೀನಿ?" ಸ್ವಲ್ಪ ಹೊತ್ತು ಬಿಟ್ಟು, "ಆದರೆ ಆ ಕಾಗದಕ್ಕೆ ಸುಮ್ಮನೆ ಸೈನು ಹಾಕಬೇಡ. ಓದು. ನಾನು ನನ್ನ ತೌರಿನಲ್ಲಿ ಓದದೇ ಹಾಕಿದೆ. ಕೇಳಿದರೆ ಅಣ್ಣಂದಿರು ಬೇಜಾರು ಮಾಡ್ಕೋತಾರೆ ಅಂತ. ಕೇಳದಿದ್ದರೂ ಈಗೇನು ವರ್ಷಕ್ಕೊಂದು ಸಲ ಫೋನು ಬರುತ್ತೆ, ಅಷ್ಟೇ" ಎಂದರು.

ನನಗೆ ಮಾತು ಹೊರಡಲಿಲ್ಲ. ಮನೆ ಉಳಿಸಿ ಎಂದು ಇವರನ್ನು ಒಲಿಸಲು ಬಂದವಳು ನಾನು. ನನ್ನ ಪಾಲನ್ನು ನೆನಪಿಸಿದವರು ಅವರು. 2005ರಲ್ಲಿ ಕಾನೂನು ಬದಲಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂದಿರುವುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಕಾಗದ ಮುಂದೆ ಬಂದಾಗ ಪೆನ್ನು ಎಲ್ಲಿ ಎಂದು ಕೇಳುತ್ತೇವೆ. ಚೆನ್ನಮ್ಮನಂಥವಳೂ ದತ್ತು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮನೆತನ ನಡೆಸಬೇಕಾಯಿತು. ಮನೆ ಕಾಯುವುದು ಹೆಂಗಸಿನ ಕೆಲಸ, ಮನೆ ಯಾರದ್ದು ಎಂಬುದು ಬೇರೆ ಮಾತು. ಇದು ಅರಮನೆಗೂ ಚೌಕಿ ಮನೆಗೂ ಒಂದೇ ಆಗಿತ್ತು.

ಮರುದಿನ ಅಣ್ಣ ಕಾಗದ ಮುಂದಿಟ್ಟಾಗ, "ಓದಿ ಹೇಳ್ತೀನಿ ಅಣ್ಣಾ" ಎಂದೆ. ಅವನ ಮುಖ ಸ್ವಲ್ಪ ಸಣ್ಣದಾಯಿತು. ಅತ್ತಿಗೆ ಕಾಫಿ ತಂದಿಡುತ್ತಾ, "ಓದ್ಲಿ ಬಿಡಿ, ಅಕ್ಷರ ಕಲಿಸಿದ್ದು ಯಾಕೆ ಮತ್ತೆ" ಎಂದರು. ಆಮೇಲೆ ಕಾಗದದ ಮಾತು ಹೇಗೋ ಮುಗಿಯಿತು. ಒಂದೆರಡು ತಿಂಗಳು ಫೋನು ಕಡಿಮೆಯಾಯಿತು, ಮತ್ತೆ ಸರಿಹೋಯಿತು. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ.

ಹೇಳಬೇಕಾದದ್ದು ಆ ಭಾನುವಾರದ ಮಧ್ಯಾಹ್ನದ್ದು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಜಗಲಿಯ ಮೇಲೆ ಹರಡಿಕೊಂಡೆವು. ನನ್ನ ಹೊಲಿಗೆಯ ಟೇಪು ಹಿಡಿದು ಹುಡುಗಿ ಅಳೆದಳು, ನಾನು ಗೆರೆ ಎಳೆದೆ, ಅತ್ತಿಗೆ ಹೇಳುತ್ತಾ ಹೋದರು. ಹೆಬ್ಬಾಗಿಲು, ಹೊರಜಗಲಿ, ಒಳಜಗಲಿ, ಪಣತ, ದೇವರ ಕೋಣೆ. ಇಷ್ಟು ಅಣ್ಣನೂ ಹೇಳುತ್ತಿದ್ದ. ಬಾಣಂತಿ ಕೋಣೆ, ಅಲ್ಲಿ ಹುಟ್ಟಿದವರು ಯಾರು ಯಾರು, ಉಳಿಯದೆ ಹೋದವರು ಯಾರು. ಮುಟ್ಟಾದಾಗ ನಾವು ಕೂರುತ್ತಿದ್ದ ಹಿಂಜಗಲಿಯ ಮೂಲೆ. ಅಲ್ಲಿ ಅಮ್ಮ ನನಗೆ ಓದಲು ಕಥೆ ಪುಸ್ತಕ ಎಸೆಯುತ್ತಿದ್ದದ್ದು. ಹೊಸ ಸೊಸೆ ಯಾರಿಗೂ ಕಾಣದೆ ಅಳಬಹುದಾದ ಜಾಗ, ಅಕ್ಕಿ ಕೋಣೆಯ ಬಾಗಿಲ ಹಿಂದೆ. ಅದನ್ನು ಅತ್ತಿಗೆ ನಗುತ್ತಲೇ ತೋರಿಸಿದರು. ನಾನು ಆ ಮನೆಯಲ್ಲಿ ಹುಟ್ಟಿ ಇಪ್ಪತ್ತೆರಡು ವರ್ಷ ಬೆಳೆದವಳು. ಆ ಜಾಗ ನನಗೆ ಗೊತ್ತಿರಲಿಲ್ಲ.

ಕೊನೆಗೆ ಅಡುಗೆಮನೆ. ಒಲೆಯ ಗುರುತು ಹಾಕಿ ಪೆನ್ಸಿಲ್ಲು ಇಟ್ಟೆ. ಅತ್ತಿಗೆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಏರಿಸಿ, ಒಲೆಯ ಪಕ್ಕದಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: 'ಹೊಗೆ ಹೋಗಲು ದಾರಿ ಇರಲಿಲ್ಲ.'

ಮನೆ ಮಾರ್ಚಿಯಲ್ಲಿ ಬಿಚ್ಚಿದರು. ಹೊಸ ಅಡುಗೆಮನೆಯಲ್ಲಿ ಪೂರ್ವಕ್ಕೆ ದೊಡ್ಡ ಕಿಟಕಿ ಇದೆ. ನಕ್ಷೆಗೆ ಕಟ್ಟು ಹಾಕಿಸಿ ಅದರ ಪಕ್ಕದ ಗೋಡೆಗೆ ನೇತು ಹಾಕಿದ್ದಾರೆ. ಬಂದವರು ಅದೇನೆಂದು ಕೇಳಿದರೆ ಅತ್ತಿಗೆ ಸೌಟು ಕೆಳಗಿಟ್ಟು, ಒಂದೊಂದೇ ಕೋಣೆ ತೋರಿಸಿ ಹೇಳುತ್ತಾರೆ.